ಮೊದಲು ಬಾಗಿಲು ಬಾಗಿಲಾಗಿರಲಿ

ಓದುಗರ ಪ್ರಶ್ನೆ: ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಮನೆಯವರೆಲ್ಲ ಒಳಗೆ ಬರುವ ತನಕ ಅವರು ರಾತ್ರಿ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಈಗ ಚಿಲಕ ಹಾಕುವ ಕೆಲಸ ನನ್ನದು. ಹಾಕುವಾಗಲೆಲ್ಲ ಯೇಸು ಹೇಳಿದ ‘ನಾನೇ ಬಾಗಿಲು’ ಎಂಬ ಮಾತು ನೆನಪಾಗುತ್ತದೆ. ಅಳು ಬರುತ್ತದೆ, ಜೊತೆಗೆ ಒಂಥರಾ ನೆಮ್ಮದಿಯೂ ಆಗುತ್ತದೆ. ಆಮೇಲಾಮೇಲೆ ಉಪ್ಪು, ನೀರು, ದೀಪ, ಗಾಳಿ ಅಂತ ಯಾವ ಮಾತು ಕಿವಿಗೆ ಬಿದ್ದರೂ ಒಂದೊಂದು ವಚನ ನೆನಪಾಗತೊಡಗಿತು. ನಮ್ಮ ಬೈಬಲ್ ಓದುವ ಗುಂಪಿನಲ್ಲಿ ಇದನ್ನು ಹೇಳಿಕೊಂಡೆ. ಒಬ್ಬರು, ‘ಮೂಲ ಭಾಷೆಯ ಪ್ರತಿ ಪದದ ಬೇರಿನಲ್ಲೂ ಒಂದು ಗುಟ್ಟಿದೆ, ಅದು ಗೊತ್ತಾದರೇನೇ ನಿಜವಾದ ಅರ್ಥ ಸಿಗೋದು’ ಎಂದು ಡೈನಮೈಟ್, ಅಗಾಪೆ, ಅಬ್ಬಾ ಎಂದೆಲ್ಲ ವಿವರಿಸಿದರು. ಇನ್ನೊಬ್ಬ ಹಿರಿಯರು, ‘ಇದೆಲ್ಲ ಮೂಢನಂಬಿಕೆ, ಶಕುನ ನೋಡಿದ ಹಾಗೆ’ ಎಂದು ಗದರಿದರು. ಕಳೆದ ತಿಂಗಳು ಕೆಲಸ ಬಿಡಬೇಕೋ ಬೇಡವೋ ಎಂಬ ಗೊಂದಲದಲ್ಲಿದ್ದೆ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ದೇವರು ಅಬ್ರಾಮನಿಗೆ ‘ಹೊರಡು’ ಎಂದು ಹೇಳುವ ವಚನ ಬಂತು. ಅಂದಿನಿಂದ ಆ ಪದ ಎಲ್ಲೆಲ್ಲೂ ಕಾಣುತ್ತಿದೆ. ಈಗ ರಾತ್ರಿ ಸರಿಯಾಗಿ ನಿದ್ದೆ ಬರುತ್ತಿಲ್ಲ. ಯಾವುದೋ ಸೂಚನೆ ತಪ್ಪಿಸಿಕೊಂಡೆನೇನೋ, ದೇವರಿಗೆ ಸಿಟ್ಟು ಬಂದಿದೆಯೇನೋ ಎಂಬ ಭಯ. ಇದು ದೇವರ ಮಾತೋ, ನನ್ನ ಮನಸ್ಸಿನ ಆಟವೋ?

ಉತ್ತರ:

ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ಪದಗಳ ಬಗೆಗಿನ ಪ್ರಶ್ನೆ ಅನ್ನಿಸಿತು. ಎರಡನೇ ಸಲ ಓದಿದಾಗ ಅದರ ಅಡಿಯಲ್ಲಿರುವ ಭಯ ಕಾಣಿಸಿತು. ಹೀಬ್ರೂ ಮತ್ತು ಗ್ರೀಕ್ ಕಲಿಸುವುದು ನನ್ನ ಕೆಲಸ. ಅದರ ಜೊತೆಗೇ ಜನರ ಕಷ್ಟ ಕೇಳಿಸಿಕೊಳ್ಳುವ ಕೆಲಸವನ್ನೂ ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಹಾಗಾಗಿ ಎರಡಕ್ಕೂ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ನೀವು ಬರೆದದ್ದರಲ್ಲಿ ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಚಿಲಕ ಹಾಕುವಾಗ ವಚನ ನೆನಪಾಗುವುದು ಒಂದು. ಪದದ ಬೇರು ಅಗೆದು ಗುಟ್ಟು ಹುಡುಕುವುದು ಇನ್ನೊಂದು. ಬೆರಳಿಟ್ಟು ತೀರ್ಮಾನ ಕೇಳುವುದು ಮತ್ತೊಂದು. ಇವೆಲ್ಲ ಒಂದೇ ಅಂದುಕೊಂಡಿರುವುದರಿಂದಲೇ ನಿಮಗೆ ಇಷ್ಟು ಗೊಂದಲ. ಮೊದಲನೆಯದನ್ನು ಬಿಡಬೇಡಿ. ಎರಡನೆಯದರಲ್ಲಿ ತಪ್ಪು ಜಾಸ್ತಿ. ಮೂರನೆಯದನ್ನು ಇವತ್ತೇ ನಿಲ್ಲಿಸಿ.

ದಿನಬಳಕೆಯ ಪದದಲ್ಲಿ ದೇವರ ಮಾತು ಕೇಳಿಸಿಕೊಳ್ಳುವುದು ತಪ್ಪಾಗಿದ್ದರೆ ಪ್ರವಾದಿಗಳೇ ತಪ್ಪು ಮಾಡಿದ ಹಾಗಾಗುತ್ತಿತ್ತು. ಯೆರೆಮೀಯನ ಮೊದಲ ಅಧ್ಯಾಯ ನೋಡಿ. ದೇವರು ಅವನನ್ನು ‘ಏನು ಕಾಣುತ್ತಿದೆ?’ ಎಂದು ಕೇಳುತ್ತಾರೆ. ‘ಬಾದಾಮಿ ಮರದ ಕೊಂಬೆ’ ಎನ್ನುತ್ತಾನೆ ಅವನು. ಹೀಬ್ರೂವಿನಲ್ಲಿ ಬಾದಾಮಿಗೆ ‘ಶಾಕೇದ್’ ಎನ್ನುತ್ತಾರೆ. ಅದಕ್ಕೆ ದೇವರ ಉತ್ತರ: ‘ಸರಿಯಾಗಿ ನೋಡಿದೆ. ನನ್ನ ಮಾತು ನೆರವೇರುವಂತೆ ನಾನು ಎಚ್ಚರವಾಗಿದ್ದೇನೆ.’ ಈ ‘ಎಚ್ಚರವಾಗಿರುವುದು’ ಹೀಬ್ರೂವಿನಲ್ಲಿ ‘ಶೋಕೇದ್’. ಎರಡರದೂ ಹೆಚ್ಚುಕಡಿಮೆ ಒಂದೇ ದನಿ. ಆ ನಾಡಿನಲ್ಲಿ ಚಳಿ ಮುಗಿಯುವ ಮುಂಚೆಯೇ, ಉಳಿದ ಮರಗಳೆಲ್ಲ ಇನ್ನೂ ಮಲಗಿರುವಾಗಲೇ, ಹೂ ಬಿಡುವ ಮರ ಬಾದಾಮಿ. ಹಾಗಾಗಿ ಹೆಸರೂ ಎಚ್ಚರ, ಮರವೂ ಎಚ್ಚರ. ಆಮೋಸನ 8ನೇ ಅಧ್ಯಾಯದಲ್ಲೂ ಹೀಗೇ. ಅವನಿಗೆ ಕಾಣುವುದು ಬೇಸಿಗೆಯ ಹಣ್ಣಿನ ಬುಟ್ಟಿ, ‘ಕಾಯಿತ್ಸ್’. ಕೇಳಿಸುವುದು ‘ಕೇತ್ಸ್’, ಅಂದರೆ ಅಂತ್ಯ. ಅನುವಾದದಲ್ಲಿ ಈ ದನಿ ಹೋಗಿಬಿಡುತ್ತದೆ. ಕನ್ನಡದಲ್ಲಿ ಓದುವ ನಮಗೆ ಬಾದಾಮಿಗೂ ಎಚ್ಚರಕ್ಕೂ ಏನು ಸಂಬಂಧ ಅಂತ ತಿಳಿಯುವುದೇ ಇಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಿ. ದೇವರು ಮೊದಲು ಹೇಳಿದ್ದು ‘ಸರಿಯಾಗಿ ನೋಡಿದೆ’ ಎಂದು. ಯೆರೆಮೀಯ ಕೊಂಬೆಯನ್ನು ಕೊಂಬೆಯಾಗಿಯೇ ನೋಡಿದ್ದ. ಯಾವ ಮರದ್ದು ಅಂತಲೂ ಅವನಿಗೆ ಗೊತ್ತಿತ್ತು. ಅರ್ಥ ಬಂದದ್ದು ಆಮೇಲೆ, ಆ ಸಾಮಾನ್ಯ ಕೊಂಬೆಯ ಮೂಲಕವೇ. ನಾನು ಹೇಳಬೇಕೆಂದಿರುವುದು ಇಷ್ಟೇ: ಪದ ಮೊದಲು ತನ್ನ ದಿನಬಳಕೆಯ ಅರ್ಥದಲ್ಲಿ ಪೂರ್ತಿ ನಿಲ್ಲಲಿ. ಅದನ್ನು ಹಾರಿಕೊಂಡು ಹೋದರೆ ಸಿಗುವುದು ನಮ್ಮದೇ ಕಲ್ಪನೆ.

ಗಾಳಿಯನ್ನೇ ತೆಗೆದುಕೊಳ್ಳಿ, ನೀವೇ ಬರೆದಿದ್ದೀರಿ. ಹೀಬ್ರೂವಿನ ‘ರೂಆಹ್’ ಎಂಬ ಒಂದೇ ಪದಕ್ಕೆ ಗಾಳಿ, ಉಸಿರು, ಆತ್ಮ ಎಂಬ ಮೂರೂ ಅರ್ಥಗಳಿವೆ. ಗ್ರೀಕ್‌ನ ‘ನ್ಯೂಮಾ’ ಕೂಡ ಹಾಗೆಯೇ. ಯೆಹೆಜ್ಕೇಲನ 37ನೇ ಅಧ್ಯಾಯದಲ್ಲಿ ಒಣಗಿದ ಎಲುಬುಗಳ ಕಣಿವೆಯ ಕಥೆ ಬರುತ್ತದಲ್ಲ, ಅಲ್ಲಿ ಪ್ರವಾದಿಯನ್ನು ಕರೆದೊಯ್ಯುವುದೂ ರೂಆಹ್, ನಾಲ್ಕು ದಿಕ್ಕಿನಿಂದ ಬೀಸುವುದೂ ರೂಆಹ್, ಎಲುಬುಗಳೊಳಗೆ ಹೊಕ್ಕು ಜೀವ ಕೊಡುವುದೂ ರೂಆಹ್. ಅನುವಾದಕರು ಒಂದು ಕಡೆ ಆತ್ಮ, ಒಂದು ಕಡೆ ಗಾಳಿ, ಒಂದು ಕಡೆ ಉಸಿರು ಅಂತ ಆರಿಸಿಕೊಳ್ಳಲೇಬೇಕು. ಬೇರೆ ದಾರಿಯಿಲ್ಲ. ಯೋಹಾನ 3:8ರಲ್ಲಿ ಯೇಸು ರಾತ್ರಿ ಹೊತ್ತು ಬಂದ ನಿಕೊದೇಮನಿಗೆ ಗಾಳಿ ತನಗೆ ಬೇಕಾದ ಕಡೆ ಬೀಸುತ್ತದೆ, ಅದರ ಸದ್ದು ಕೇಳುತ್ತದೆ, ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಅಂತ ತಿಳಿಯದು ಎನ್ನುತ್ತಾರೆ. ಅದೇ ಉಸಿರಿನಲ್ಲಿ ಆತ್ಮದಿಂದ ಹುಟ್ಟಿದವರೂ ಹಾಗೆಯೇ ಎನ್ನುತ್ತಾರೆ. ಎರಡೂ ಕಡೆ ಒಂದೇ ಪದ. ಗಾಳಿಗೆ ಮುಖ ಒಡ್ಡಿ ನಿಂತು ಗೊತ್ತಿರುವವನಿಗೆ ಈ ವಾಕ್ಯ ಅರ್ಥವಾಗುತ್ತದೆ. ಗಾಳಿಯನ್ನು ಬರೀ ಸಂಕೇತ ಅಂದುಕೊಂಡವನಿಗೆ ಅದು ಪಾಠವಾಗಿ ಉಳಿದುಬಿಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪದ ಇನ್ನೊಂದಿದೆ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕನ್ನಡದವರಿಗೆ ಅದು ಬೇಗ ದಕ್ಕುತ್ತದೆ. ಸುವಾರ್ತೆಗಳಲ್ಲಿ ‘ಕ್ಷಮಿಸು’ ಎಂದು ನಾವು ಓದುವ ಕಡೆ ಗ್ರೀಕ್‌ನಲ್ಲಿ ಹೆಚ್ಚಾಗಿ ಇರುವುದು ‘ಅಫಿಯೇಮಿ’ ಎಂಬ ಕ್ರಿಯಾಪದ. ಅದೇನೂ ದೇವಾಲಯದ ಮಾತಲ್ಲ. ಅದರ ನೇರ ಅರ್ಥ ‘ಬಿಡು’. ಮಾರ್ಕನ ಮೊದಲ ಅಧ್ಯಾಯದಲ್ಲಿ ಸೀಮೋನ, ಅಂದ್ರೆಯ ಬಲೆ ಬಿಟ್ಟು ಯೇಸುವಿನ ಹಿಂದೆ ಹೋದರು ಎನ್ನುವಾಗ ಇದೇ ಪದ. ಅದೇ ಅಧ್ಯಾಯದಲ್ಲಿ ಸೀಮೋನನ ಅತ್ತೆಗೆ ಜ್ವರ ಬಿಟ್ಟಿತು ಎನ್ನುವಾಗಲೂ ಇದೇ ಪದ. ಯೋಹಾನ 4ರಲ್ಲಿ ಸಮಾರ್ಯದ ಹೆಂಗಸು ನೀರಿನ ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡುತ್ತಾಳೆ, ಅಲ್ಲೂ ಇದೇ. ಮತ್ತಾಯ 18ರ ಸಾಮ್ಯದಲ್ಲಿ ಅರಸ ತೀರಿಸಲಾಗದ ಸಾಲವನ್ನು ಬಿಟ್ಟುಬಿಡುತ್ತಾನೆ, ಅಲ್ಲೂ ಇದೇ. ಕನ್ನಡದ ‘ಬಿಡು’ ಇಷ್ಟೂ ಕಡೆ ಒಂದಿಷ್ಟೂ ಎಡವದೆ ಕೂರುತ್ತದೆ, ಅಲ್ವಾ? ಬಲೆ ಬಿಟ್ಟರು, ಜ್ವರ ಬಿಟ್ಟಿತು, ಕೊಡ ಬಿಟ್ಟಳು, ಸಾಲ ಬಿಟ್ಟ.

ಈಗ ಕರ್ತನ ಪ್ರಾರ್ಥನೆಗೆ ಬನ್ನಿ. ನಾವು ‘ತಪ್ಪು’, ‘ಪಾಪ’ ಎಂದು ಹೇಳುವ ಜಾಗದಲ್ಲಿ ಮತ್ತಾಯನ ಗ್ರೀಕ್ ಪಠ್ಯದಲ್ಲಿರುವುದು ‘ಸಾಲ’. ಲೂಕನಲ್ಲಿ ‘ಪಾಪ’. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ‘ಹೋಬಾ’ ಎಂಬ ಒಂದೇ ಪದವಿತ್ತು. ಏಳನೇ ವರ್ಷಕ್ಕೊಮ್ಮೆ ಸಾಲ ಬಿಡಬೇಕೆಂದು ಧರ್ಮೋಪದೇಶಕಾಂಡದ 15ನೇ ಅಧ್ಯಾಯ ಹೇಳುತ್ತದೆ. ಹಳೆಯ ಒಡಂಬಡಿಕೆಯ ಹಳೆಯ ಗ್ರೀಕ್ ಅನುವಾದದಲ್ಲಿ ಆ ‘ಬಿಡುಗಡೆ’ಗೆ ಬಳಸಿದ ‘ಅಫೆಸಿಸ್’ ಕೂಡ ಇದೇ ಬೇರಿನದು. ಪಾಪಗಳ ಕ್ಷಮಾಪಣೆಗೆ ಹೊಸ ಒಡಂಬಡಿಕೆ ಬಳಸುವುದೂ ಅದನ್ನೇ. ಒಬ್ಬರ ಮೇಲಿನ ಸಿಟ್ಟನ್ನು ಹಿಡಿದುಕೊಂಡು ನಿಂತವರಿಗೆ ‘ಕ್ಷಮಿಸಿ’ ಎಂದರೆ ಅದೊಂದು ದೊಡ್ಡ ಧಾರ್ಮಿಕ ಕೆಲಸದ ಹಾಗೆ ಕೇಳಿಸುತ್ತದೆ. ‘ಕೈಯಲ್ಲಿ ಹಿಡಿದಿದ್ದೀರಲ್ಲ, ಅದನ್ನು ಬಿಡಿ’ ಎಂದರೆ ಅವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಒಂದು ಎಚ್ಚರಿಕೆಯೂ ಇದೇ ಪದದಲ್ಲಿದೆ. ಮಾರ್ಕ 14:50ರಲ್ಲಿ ಶಿಷ್ಯರೆಲ್ಲ ಯೇಸುವನ್ನು ಬಿಟ್ಟು ಓಡಿಹೋದರು ಎಂದಿದೆ. ಅಲ್ಲೂ ಅದೇ ‘ಅಫಿಯೇಮಿ’. ಕ್ಷಮೆಯ ಪದವೇ ಕೈಬಿಡುವ ಪದವೂ ಹೌದು. ಅಂದಮೇಲೆ ಪುಣ್ಯ ಆ ಪದದೊಳಗೆ ಅಡಗಿ ಕೂತಿಲ್ಲ. ಯಾರು, ಯಾರನ್ನು, ಯಾವಾಗ, ಏನನ್ನು ಬಿಟ್ಟರು ಎಂಬ ವಾಕ್ಯದಲ್ಲಿದೆ ಅರ್ಥ.

ನಿಮ್ಮ ಗುಂಪಿನ ಆ ಗೆಳೆಯರು ಎಡವುವುದು ಇಲ್ಲೇ. ಅವರ ಉತ್ಸಾಹ ನನಗೆ ಇಷ್ಟವೇ. ಮೂಲ ಭಾಷೆಯ ಬಗ್ಗೆ ಆಸೆ ಇರುವವರು ಎಷ್ಟು ಜನ ಸಿಗುತ್ತಾರೆ? ಆದರೆ ಪದದ ಬೇರೇ ಪದದ ಅರ್ಥ ಎಂಬುದು ಸುಳ್ಳು. ನಮ್ಮ ‘ಎಣ್ಣೆ’ಯನ್ನೇ ನೋಡಿ. ಎಳ್ಳು ಮತ್ತು ನೆಯ್ (ಅಂದರೆ ತುಪ್ಪ, ಜಿಡ್ಡು) ಸೇರಿ ಆದ ಪದ ಅದು. ಹಾಗಂತ ಸೀಮೆಎಣ್ಣೆಯಲ್ಲಿ ಎಳ್ಳು ಹುಡುಕಿದರೆ ಸಿಗುತ್ತದಾ? ಎಣ್ಣೆ ಅನ್ನುವವನ ಮನಸ್ಸಿನಲ್ಲಿ ಎಳ್ಳು ಇರುವುದೇ ಇಲ್ಲ. ಬೇರು ಪದದ ಹುಟ್ಟಿನ ಕಥೆ ಹೇಳುತ್ತದೆ. ಈಗ ಅದು ಮಾಡುತ್ತಿರುವ ಕೆಲಸವನ್ನು ಹೇಳುವುದಿಲ್ಲ. ಬೈಬಲ್ ಓದುವವರು ಈ ತಪ್ಪನ್ನು ಎಷ್ಟು ಮಾಡುತ್ತಾರೆಂದರೆ, ಜೇಮ್ಸ್ ಬಾರ್ ಎಂಬ ವಿದ್ವಾಂಸರು 1961ರಲ್ಲಿ ಇದರ ಮೇಲೆಯೇ ಒಂದು ಪೂರ್ತಿ ಪುಸ್ತಕ ಬರೆದರು. ಅವರು ಟೀಕಿಸಿದ್ದು ಸಾಮಾನ್ಯ ಬೋಧಕರನ್ನಲ್ಲ, ಅಂದಿನ ದೊಡ್ಡ ದೊಡ್ಡ ಪಂಡಿತರನ್ನು. ಆದ್ದರಿಂದ ನಿಮ್ಮ ಗೆಳೆಯರು ನಾಚಿಕೊಳ್ಳಬೇಕಾಗಿಲ್ಲ.

ಅವರು ಹೇಳಿದ ಡೈನಮೈಟ್ ಕಥೆ ಹೀಗಿರಬೇಕು: ರೋಮಾಪುರದವರಿಗೆ 1:16ರಲ್ಲಿ ಸುವಾರ್ತೆಯನ್ನು ದೇವರ ‘ಡ್ಯೂನಮಿಸ್’ (ಅಂದರೆ ಶಕ್ತಿ) ಎನ್ನಲಾಗಿದೆ, ಡೈನಮೈಟ್ ಎಂಬ ಪದ ಅದರಿಂದಲೇ ಬಂದದ್ದು, ಆದ್ದರಿಂದ ಸುವಾರ್ತೆ ಸಿಡಿಮದ್ದು. ಪದ ಅಲ್ಲಿಂದ ಬಂದದ್ದು ನಿಜ. ಆದರೆ ಆಲ್ಫ್ರೆಡ್ ನೊಬೆಲ್ ಡೈನಮೈಟ್‌ಗೆ ಪೇಟೆಂಟ್ ಪಡೆದದ್ದು 1867ರಲ್ಲಿ. ಪೌಲ ಬರೆದದ್ದು ಮೊದಲನೇ ಶತಮಾನದಲ್ಲಿ. ತನ್ನ ನಂತರ ಹದಿನೆಂಟು ಶತಮಾನ ಕಳೆದು ಬಂದ ವಸ್ತುವನ್ನು ಅವನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಲು ಸಾಧ್ಯವೇ? ಡೈನಮೈಟ್ ಒಡೆದು ಹಾಕುತ್ತದೆ. ಪೌಲ ಆ ವಚನದಲ್ಲಿ ಹೇಳುವ ಶಕ್ತಿ ರಕ್ಷಿಸುತ್ತದೆ. ಹೋಲಿಕೆ ಕೇಳಲು ಜೋರಾಗಿದೆ, ದಿಕ್ಕು ಮಾತ್ರ ತಿರುವುಮುರುವು.

ಅಗಾಪೆಯ ವಿಷಯ ಸ್ವಲ್ಪ ಸೂಕ್ಷ್ಮ. ‘ಅಗಾಪೆ ಅಂದರೆ ದೇವರ ನಿಸ್ವಾರ್ಥ ಪ್ರೀತಿ, ಫಿಲಿಯೋ ಅಂದರೆ ಮನುಷ್ಯರ ಸ್ನೇಹ’ ಎಂದು ಬಹಳ ಕಡೆ ಹೇಳುತ್ತಾರೆ. ನಾನೂ ಕಲಿಯುವ ಕಾಲದಲ್ಲಿ ಹಾಗೇ ನಂಬಿದ್ದೆ. ಹಳೆಯ ಗ್ರೀಕ್ ಅನುವಾದದಲ್ಲಿ 2 ಸಮುವೇಲ 13ನ್ನು ಓದಿದ ದಿನ ಆ ನಂಬಿಕೆ ಕುಸಿಯಿತು. ಅಮ್ನೋನ ತಾಮಾರಳನ್ನು ಕೆಡಿಸುವ ಮುಂಚಿನ ಅವನ ‘ಪ್ರೀತಿ’ಗೂ ಅಲ್ಲಿ ಇದೇ ಪದ. 2 ತಿಮೊಥೆಯ 4:10ರಲ್ಲಿ ದೇಮ ಪೌಲನನ್ನು ಬಿಟ್ಟುಹೋಗಲು ಕಾರಣವಾದ ಲೋಕದ ಮೋಹಕ್ಕೂ ಇದೇ. ಇನ್ನು ತಂದೆಯು ಮಗನನ್ನು ಪ್ರೀತಿಸುತ್ತಾನೆ ಎನ್ನಲು ಯೋಹಾನ 3:35ರಲ್ಲಿ ಒಂದು ಪದ, 5:20ರಲ್ಲಿ ಇನ್ನೊಂದು ಪದ. ದೇವರ ಪ್ರೀತಿ ಎಂಥದ್ದು ಎಂಬುದನ್ನು ಶಿಲುಬೆಯ ಕಥೆ ಹೇಳುತ್ತದೆ, ಗ್ರೀಕ್ ನಿಘಂಟು ಹೇಳುವುದಿಲ್ಲ.

ಕ್ರೈಸ್ತ ಸಭೆಗೆ ಬಳಸುವ ಗ್ರೀಕ್‌ನ ‘ಎಕ್ಲೇಸಿಯಾ’ ಎಂದರೆ ‘ಹೊರಗೆ ಕರೆಯಲ್ಪಟ್ಟವರು’ ಎಂಬ ಮಾತೂ ಇದೇ ಜಾತಿಯದು. ಅಪೊಸ್ತಲರ ಕೃತ್ಯಗಳು 19ರಲ್ಲಿ ಎಫೆಸದಲ್ಲಿ ಗಲಾಟೆ ಎಬ್ಬಿಸಿದ ಗುಂಪಿಗೂ ಅದೇ ಪದ ಇದೆ.

ತಂದೆಯನ್ನು ಕರೆಯುವ ಅರಾಮಿಕ್‌ನ ಅಬ್ಬಾ ಮತ್ತು ನಮ್ಮ ಅಪ್ಪ ಒಂದೇ ಪದವಾ? ಈ ಪ್ರಶ್ನೆಯನ್ನು ಕನ್ನಡದವರು ನನ್ನನ್ನು ಆಗಾಗ ಕೇಳುತ್ತಾರೆ. ಕೇಳುವಾಗ ಅವರ ಮುಖದಲ್ಲಿ ಒಂದು ಸಂತೋಷ ಇರುತ್ತದೆ. ಅದನ್ನು ಕೆಡಿಸಲು ಮನಸ್ಸು ಬರುವುದಿಲ್ಲ, ಆದರೂ ನಿಜ ಹೇಳಬೇಕು. ಅರಾಮಿಕ್‌ಗೂ ಕನ್ನಡಕ್ಕೂ ಆ ನೆಂಟಸ್ತಿಕೆ ಇಲ್ಲ. ಮಾತು ಕಲಿಯುವ ಕೂಸಿಗೆ ತುಟಿ ಕೂಡಿಸಿ ಆಡುವ ‘ಪ’, ‘ಬ’, ‘ಮ’ ಬೇಗ ಬರುತ್ತವೆ. ಅದಕ್ಕೇ ಸಂಬಂಧವಿಲ್ಲದ ಎಷ್ಟೋ ಭಾಷೆಗಳಲ್ಲಿ ತಂದೆ ತಾಯಿಯರ ಹೆಸರು ಒಂದೇ ಥರ ಕೇಳಿಸುತ್ತವೆ. ಅಬ್ಬಾ ಎಂದರೆ ಪುಟ್ಟ ಮಕ್ಕಳ ಮುದ್ದು ಮಾತು ಮಾತ್ರ ಎಂಬುದೂ ಸರಿಯಲ್ಲ. ದೊಡ್ಡವರಾದ ಮಕ್ಕಳೂ ತಂದೆಯನ್ನು ಹಾಗೇ ಕರೆಯುತ್ತಿದ್ದರು. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಮೂರೇ ಕಡೆ, ಮೂರೂ ಕಡೆ ಪಕ್ಕದಲ್ಲೇ ಗ್ರೀಕ್‌ನಲ್ಲಿ ‘ತಂದೆ’ ಎಂದಿದೆ. ಆದರೆ ಕನ್ನಡದ ‘ಅಪ್ಪ’ ಕೂಡ ಹಾಗೇ ಅಲ್ಲವೇ? ಎರಡು ವರ್ಷದ ಮಗುವೂ ಕರೆಯುತ್ತದೆ, ಅರವತ್ತು ವರ್ಷದವರೂ ಕರೆಯುತ್ತಾರೆ. ಪದಗಳಿಗೆ ನೆಂಟಸ್ತಿಕೆ ಇಲ್ಲದಿದ್ದರೂ ಮಾಡುವ ಕೆಲಸ ಒಂದೇ. ಗೆತ್ಸೆಮನೆಯಲ್ಲಿ ಯೇಸು ‘ಅಬ್ಬಾ’ ಎಂದು ಕೂಗಿದ್ದನ್ನು ಓದುವಾಗ ನಿಮ್ಮ ಕಿವಿಗೆ ‘ಅಪ್ಪಾ’ ಎಂದು ಕೇಳಿಸಿದರೆ ಧಾರಾಳವಾಗಿ ಕೇಳಿಸಲಿ.

ಇನ್ನು ಗದರಿದ ಹಿರಿಯರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬೈಬಲ್ ತೆರೆದು ಬೆರಳಿಟ್ಟು ಮುಂದಿನದನ್ನು ಕೇಳುವ ಅಭ್ಯಾಸ ಬಹಳ ಹಳೆಯದು. 506ರಲ್ಲಿ ಆಗ್ಡ್ ಎಂಬಲ್ಲಿ ಸೇರಿದ ಸಭಾ ಸಮ್ಮೇಳನ ಅಂಥ ಶಕುನ ನೋಡುವುದನ್ನು ಖಂಡಿಸಿತ್ತು. ಇದಕ್ಕೆ ಎದುರಾಗಿ ಜನ ಹಳೆಯ ಕಾಲದ ಕ್ರೈಸ್ತ ಚಿಂತಕ ಅಗಸ್ಟೀನನ ಕಥೆ ಹೇಳುತ್ತಾರೆ. 386ರಲ್ಲಿ ಮಿಲಾನ್‌ನ ಒಂದು ತೋಟದಲ್ಲಿ ಅವನಿಗೆ ‘ತೆಗೆದು ಓದು’ ಎಂಬ ಮಗುವಿನ ದನಿ ಕೇಳಿಸಿತು, ಪೌಲನ ಪತ್ರ ತೆರೆದಾಗ ಕಣ್ಣಿಗೆ ಬಿದ್ದ ವಚನ ಅವನ ಬದುಕನ್ನೇ ತಿರುಗಿಸಿತು. ನಿಜ. ಆದರೆ ಅದಕ್ಕೆ ಮುಂಚೆ ಅವನು ವರ್ಷಗಟ್ಟಲೆ ಒದ್ದಾಡಿದ್ದ, ಬೋಧನೆ ಕೇಳಿದ್ದ, ಸ್ನೇಹಿತರ ಜೊತೆ ಚರ್ಚಿಸಿದ್ದ. ತಾನು ಮಾಡಬೇಕಾದ್ದೇನು ಅಂತ ಅವನಿಗೆ ಮೊದಲೇ ಗೊತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ ಅಷ್ಟೆ. ಅದೇ ಅಗಸ್ಟೀನ ಮುಂದೆ ಬಿಷಪ್ ಆದ ಮೇಲೆ, ಲೋಕವ್ಯವಹಾರದ ತೀರ್ಮಾನಕ್ಕೆ ಸುವಾರ್ತೆಯ ಪುಟಗಳನ್ನು ಚೀಟಿ ಎತ್ತಿದಂತೆ ಬಳಸುವುದು ತನಗೆ ಇಷ್ಟವಿಲ್ಲ ಎಂದು ಒಂದು ಪತ್ರದಲ್ಲಿ ಬರೆದ. ಇದನ್ನು ಯಾರೂ ಹೇಳುವುದಿಲ್ಲ.

ಹಿರಿಯರ ಮಾತಿನ ಇನ್ನರ್ಧ ತಪ್ಪು. ಚಿಲಕ ಹಾಕುವಾಗ ವಚನ ನೆನಪಾಗುವುದು ಶಕುನ ಅಲ್ಲ. ಅದನ್ನೇ ಬೈಬಲ್ ಧ್ಯಾನ ಅನ್ನುತ್ತದೆ. ಮೊದಲನೇ ಕೀರ್ತನೆಯಲ್ಲಿ ಹಗಲಿರುಳು ‘ಧ್ಯಾನಿಸುವವನು’ ಎಂದಿರುವ ಕಡೆ ಹೀಬ್ರೂ ಪದ ‘ಹಾಗಾ’. ಬಾಯಲ್ಲೇ ಗೊಣಗಿಕೊಳ್ಳುವುದು ಅಂತ ಅರ್ಥ. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ಕಾಲಿಟ್ಟು ಗುರುಗುಟ್ಟುವ ಸಿಂಹಕ್ಕೂ, 38:14ರಲ್ಲಿ ಪಾರಿವಾಳದ ನರಳಾಟಕ್ಕೂ ಇದೇ ಪದ. ಕಣ್ಣು ಮುಚ್ಚಿ ಕೂತು ಮನಸ್ಸು ಖಾಲಿ ಮಾಡುವ ಚಿತ್ರ ಇಲ್ಲಿಲ್ಲ. ಕೆಲಸ ಮಾಡುತ್ತಾ ತುಟಿಯ ಮೇಲೆ ಒಂದು ಮಾತನ್ನು ತಿರುಗಿಸಿ ತಿರುಗಿಸಿ ಹೇಳಿಕೊಳ್ಳುವ ಚಿತ್ರ ಇದೆ. ನೀವು ಮಾಡುತ್ತಿರುವುದು ಅದೇ.

ಈಗ ‘ಹೊರಡು’. ಮನಸ್ಸಿಗೆ ಒಂದು ಪದ ತಟ್ಟಿದ ಮೇಲೆ ಅದು ಎಲ್ಲೆಡೆ ಕಾಣುವುದು ಸಹಜ. ಮುಂಚೆಯೂ ಆ ಪದ ಅಷ್ಟೇ ಸಲ ಕಣ್ಣಿಗೆ ಬೀಳುತ್ತಿತ್ತು, ನೀವು ಗಮನಿಸುತ್ತಿರಲಿಲ್ಲ. ಅದೂ ಕನ್ನಡದಲ್ಲಿ ‘ಹೊರಡು’ ಇಲ್ಲದ ದಿನ ಇರುತ್ತದಾ? ಹಾಗಾಗಿ ಎಷ್ಟು ಸಲ ಕಂಡಿತು ಎಂಬುದಕ್ಕೆ ಬೆಲೆ ಕೊಡಬೇಡಿ. ಆದಿಕಾಂಡ 12ನ್ನು ಪೂರ್ತಿ ಓದಿ. ಆ ಮಾತು ಎಪ್ಪತ್ತೈದು ವರ್ಷದ ಒಬ್ಬ ಮನುಷ್ಯನಿಗೆ, ಅವನಿಂದ ಒಂದು ಜನಾಂಗವನ್ನು ಹುಟ್ಟಿಸುವ ವಾಗ್ದಾನದ ಜೊತೆ ಬಂದದ್ದು. ನಿಮ್ಮ ಬೆರಳು ಸ್ವಲ್ಪ ಆಚೀಚೆ ಆಗಿದ್ದರೆ? ಯೆರೆಮೀಯ 29ರಲ್ಲಿ ಸೆರೆಯಾಗಿ ಹೋದವರಿಗೆ ‘ಮನೆ ಕಟ್ಟಿಕೊಂಡು ಅಲ್ಲೇ ವಾಸಿಸಿರಿ’ ಎಂದಿದೆ. ಮಾರ್ಕ 5ರಲ್ಲಿ ಜೊತೆಗೆ ಬರುತ್ತೇನೆ ಎಂದು ಬೇಡಿಕೊಂಡವನಿಗೆ ಯೇಸು ‘ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು’ ಎನ್ನುತ್ತಾರೆ. ಲೂಕ 24ರಲ್ಲಿ ಶಿಷ್ಯರಿಗೆ ‘ಪಟ್ಟಣದಲ್ಲೇ ಕಾದಿರಿ’ ಎನ್ನುತ್ತಾರೆ. ಎಲ್ಲವೂ ದೇವರ ಮಾತೇ. ಯಾರಿಗೆ, ಯಾವಾಗ ಎಂಬುದನ್ನು ಬೆರಳು ತೀರ್ಮಾನಿಸಲಾರದು.

ಹಾಗಾದರೆ ಏನು ಮಾಡಬಹುದು? ಆ ವಚನ ನೆಚ್ಚಿ ನಾಳೆಯೇ ರಾಜೀನಾಮೆ ಕೊಡಬಹುದು. ಹೀಗೆ ಮಾಡಿದವರನ್ನು ನೋಡಿದ್ದೇನೆ. ಕೆಲವರಿಗೆ ಒಳ್ಳೆಯದಾಯಿತು. ಒಳ್ಳೆಯದಾಗದವರ ಪಾಡು ಎರಡು ಪಟ್ಟು ಕಷ್ಟ, ಯಾಕೆಂದರೆ ಕೆಲಸದ ಜೊತೆ ದೇವರ ಮೇಲಿನ ನಂಬಿಕೆಯೂ ಹೋಗಿರುತ್ತದೆ. ‘ದೇವರೇ ಹೇಳಿ ದೇವರೇ ಕೈಬಿಟ್ಟ’ ಎಂಬ ನೋವು ವಾಸಿಯಾಗಲು ವರ್ಷಗಳು ಬೇಕು. ಇಲ್ಲವೇ ಇದೆಲ್ಲ ಹುಚ್ಚು ಎಂದು ತಳ್ಳಿಹಾಕಿ ವಚನ ನೆನಪಿಸಿಕೊಳ್ಳುವುದನ್ನೇ ನಿಲ್ಲಿಸಬಹುದು. ಆಗ ಅಮ್ಮನ ನೆನಪಿನೊಡನೆ ಬಂದ ನೆಮ್ಮದಿಯೂ ಹೋಗುತ್ತದೆ. ಅದೂ ಸಣ್ಣ ನಷ್ಟವಲ್ಲ. ನಾನು ಹೇಳುವುದು, ಸ್ವಲ್ಪ ತಡೆಯಿರಿ. ಇಗ್ನೇಷಿಯಸ್ ಲೊಯೋಲಾ ಎಂಬ ಸಂತರು ಕೊಟ್ಟ ಒಂದು ನಿಯಮವನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ: ಮನಸ್ಸು ಕುಗ್ಗಿರುವ ಹೊತ್ತಿನಲ್ಲಿ, ಮುಂಚೆ ನೆಮ್ಮದಿಯಲ್ಲಿದ್ದಾಗ ಮಾಡಿದ ತೀರ್ಮಾನವನ್ನು ಬದಲಾಯಿಸಬೇಡಿ. ನೀವು ದುಃಖದಲ್ಲಿದ್ದೀರಿ, ನಿದ್ದೆಗೆಟ್ಟಿದ್ದೀರಿ. ಕೆಲಸದ ತೀರ್ಮಾನಕ್ಕೆ ಇದು ಸಮಯವಲ್ಲ. ನಿದ್ದೆ ಹತೋಟಿಗೆ ಬಂದ ಮೇಲೆ ಖರ್ಚು, ಉಳಿತಾಯ, ಮನೆಯ ಸ್ಥಿತಿಯನ್ನೆಲ್ಲ ಕಾಗದದ ಮೇಲೆ ಬರೆಯಿರಿ. ನಿಮ್ಮನ್ನು ಚೆನ್ನಾಗಿ ಬಲ್ಲ, ನಿಮಗೆ ‘ಇಲ್ಲ’ ಎಂದು ಹೇಳುವ ಧೈರ್ಯವಿರುವ ಇಬ್ಬರ ಜೊತೆ ಕೂತು ಮಾತಾಡಿ. ಪ್ರಾರ್ಥಿಸಿ. ಆಮೇಲೂ ಬಿಡಬೇಕು ಅನ್ನಿಸಿದರೆ ಬಿಡಿ. ಇಷ್ಟೆಲ್ಲ ಮಾಡಿದ ಮೇಲೆ ಬರುವ ತೀರ್ಮಾನದಲ್ಲಿ ದೇವರ ಕೈ ಇಲ್ಲ ಅಂತ ಯಾರು ಹೇಳಿದರು?

ಭಯದ ಬಗ್ಗೆ ಕೊನೆಯಲ್ಲಿ ಬರೆಯುತ್ತಿದ್ದೇನೆ, ಆದರೆ ನನಗೆ ಜಾಸ್ತಿ ಚಿಂತೆ ಇರುವುದು ಅದರದ್ದೇ. ಅದೇ ಇಗ್ನೇಷಿಯಸ್ 1522ರಲ್ಲಿ ಮನ್ರೆಸಾ ಎಂಬ ಊರಿನಲ್ಲಿದ್ದಾಗ ಇಂಥ ಭಯದಿಂದ ತುಂಬ ನರಳಿದರು. ಆಮೇಲೆ ತಮ್ಮ ಟಿಪ್ಪಣಿಯಲ್ಲಿ ಒಂದು ಉದಾಹರಣೆ ಬರೆದರು: ನೆಲದ ಮೇಲೆ ಎರಡು ಹುಲ್ಲುಕಡ್ಡಿ ಶಿಲುಬೆಯ ಆಕಾರದಲ್ಲಿ ಬಿದ್ದಿರುತ್ತವೆ. ಒಬ್ಬ ಗೊತ್ತಿಲ್ಲದೆ ಅದರ ಮೇಲೆ ಕಾಲಿಡುತ್ತಾನೆ. ಆಮೇಲೆ ‘ನಾನು ಪಾಪ ಮಾಡಿದೆ’ ಅಂದುಕೊಳ್ಳುತ್ತಾನೆ. ಅದು ಪಾಪವಲ್ಲ, ತಪ್ಪು ತಿಳಿವಳಿಕೆ ಎನ್ನುತ್ತಾರೆ ಅವರು. ಐನೂರು ವರ್ಷದ ಹಿಂದಿನ ಆ ಹುಲ್ಲುಕಡ್ಡಿಯೂ ನಿಮ್ಮ ‘ಹೊರಡು’ವೂ ಒಂದೇ. ಸೂಚನೆ ತಪ್ಪಿಸಿಕೊಂಡದ್ದಕ್ಕೆ ಮಗಳ ಮೇಲೆ ಸಿಟ್ಟಾಗುವ ತಂದೆ ಸುವಾರ್ತೆಗಳಲ್ಲಿ ನನಗೆ ಸಿಕ್ಕಿಲ್ಲ. ಮಗ ದಾರಿಯಲ್ಲಿ ಇನ್ನೂ ದೂರದಲ್ಲಿರುವಾಗಲೇ ಓಡಿ ಬರುವ ತಂದೆ ಸಿಕ್ಕಿದ್ದಾನೆ.

ಆದ್ದರಿಂದ ಬೆರಳಿಡುವುದನ್ನು ಇವತ್ತೇ ಬಿಟ್ಟುಬಿಡಿ, ‘ಇನ್ನೊಂದೇ ಸಲ’ ಅಂತಲೂ ಬೇಡ. ನಿದ್ದೆ ಇನ್ನೂ ಕೆಲವು ದಿನ ಬಾರದಿದ್ದರೆ, ಪದಗಳು ನಿಮಗೆ ಅಪ್ಪಣೆ ಕೊಡುತ್ತಿರುವಂತೆ ಅನ್ನಿಸಿದರೆ, ಭಯ ದಿನದ ಕೆಲಸಕ್ಕೇ ಅಡ್ಡ ಬಂದರೆ, ತಡಮಾಡದೆ ವೈದ್ಯರನ್ನು ನೋಡಿ. ದುಃಖದಲ್ಲಿರುವವರಿಗೆ ಹೀಗಾಗುವುದುಂಟು, ಅದಕ್ಕೆ ಚಿಕಿತ್ಸೆ ಇದೆ. ವೈದ್ಯರ ಬಳಿ ಹೋಗುವುದು ನಂಬಿಕೆಯ ಕೊರತೆ ಎಂದು ಯಾರಾದರೂ ಹೇಳಿದರೆ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಸುವಾರ್ತೆ ಬರೆದ ಲೂಕನನ್ನು ಕೊಲೊಸ್ಸೆಯವರಿಗೆ 4:14 ‘ಪ್ರಿಯ ವೈದ್ಯ’ ಎನ್ನುತ್ತದೆ.

ಪದಗಳ ಜೊತೆ ಇರುವುದನ್ನು ಮುಂದುವರಿಸಿ, ಆದರೆ ನಿಧಾನವಾಗಿ. ದಿನಕ್ಕೆ ಹತ್ತು ಪದ ಬೇಡ, ವಾರಕ್ಕೆ ಒಂದು ಸಾಕು. ಉಪ್ಪು ಅಂದರೆ ಮೊದಲು ಅಡುಗೆಮನೆಯ ಉಪ್ಪು. ಅದು ಏನು ಮಾಡುತ್ತದೆ, ಜಾಸ್ತಿಯಾದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ? ಆಮೇಲೆ ಮತ್ತಾಯ 5:13ನ್ನು ಅದರ ಹಿಂದುಮುಂದಿನ ವಚನಗಳೊಂದಿಗೆ ಓದಿ. ಯೇಸು ಅದನ್ನು ಯಾರಿಗೆ ಹೇಳಿದರು? ಹಿಂಸೆ ಅನುಭವಿಸುವವರೇ ಧನ್ಯರು ಎಂದ ಮರುಗಳಿಗೆಯಲ್ಲಿ ಹೇಳಿದರು. ಅಲ್ಲಿ ಉಪ್ಪು ‘ಸಪ್ಪೆಯಾದರೆ’ ಎನ್ನಲು ಬಳಸಿದ ಗ್ರೀಕ್ ಪದಕ್ಕೆ ‘ದಡ್ಡನಾಗು’ ಎಂಬ ಅರ್ಥವೂ ಇದೆ. ಇಂಥ ವಿವರ ಸಿಕ್ಕರೆ ಸಂತೋಷಪಡಿ, ಸಿಗದಿದ್ದರೂ ವಚನ ನಿಮಗೆ ಮುಚ್ಚಿಕೊಂಡಿಲ್ಲ. ವಾರದ ಕೊನೆಗೆ ಆ ಪದ ನಿಮ್ಮನ್ನು ಯಾರೋ ಒಬ್ಬರ ಕಡೆಗೆ ಸ್ವಲ್ಪ ಮೆತ್ತಗೆ ಮಾಡಿದೆಯಾ ಅಂತ ನೋಡಿಕೊಳ್ಳಿ. ಮಾಡಿದ್ದರೆ ಅದನ್ನು ನಂಬಬಹುದು. ಬರೀ ಭಯ ಹುಟ್ಟಿಸಿದ್ದರೆ ಅದನ್ನು ಬದಿಗಿಡಿ.

ಇವತ್ತು ರಾತ್ರಿ ಚಿಲಕ ಹಾಕುವ ಮುಂಚೆ ಯೋಹಾನ 10:9ನ್ನು ಪೂರ್ತಿ ಓದಿ. ನಾವು ಹೆಚ್ಚಾಗಿ ‘ನಾನೇ ಬಾಗಿಲು’ ಎಂಬಲ್ಲಿಗೇ ನಿಲ್ಲಿಸಿಬಿಡುತ್ತೇವೆ. ವಚನ ಅಲ್ಲಿಗೆ ಮುಗಿಯುವುದಿಲ್ಲ. ಆ ಬಾಗಿಲಿನಿಂದ ಹೋದವನು ಸುರಕ್ಷಿತನಾಗಿರುತ್ತಾನೆ, ಒಳಗೆ ಬರುತ್ತಾನೆ, ಹೊರಗೆ ಹೋಗುತ್ತಾನೆ, ಮೇವನ್ನು ಕಾಣುತ್ತಾನೆ ಎಂದಿದೆ. ಒಳಗೂ ಹೊರಗೂ ಓಡಾಡುವ ಕುರಿಗಳಿಗಾಗಿ ಇರುವ ಬಾಗಿಲು ಅದು. ನಿಮ್ಮ ಅಮ್ಮ ಮನೆಯವರೆಲ್ಲ ಬರುವ ತನಕ ಚಿಲಕ ಹಾಕದೆ ಕಾಯುತ್ತಿದ್ದರಲ್ಲ, ಅಂಥ ಬಾಗಿಲು.